ಮೈಕ್‌ಸೆಟ್ ಬಿಸಿಯಾಗುವ ಸದ್ದು

ಜನ ಎದ್ದು ಹೋಗಲಿಲ್ಲ! ಇದನ್ನು ಮೊದಲು ಹೇಳಿಬಿಡುತ್ತೇನೆ, ಮಿಕ್ಕಿದ್ದು ಆಮೇಲೆ. ಈ ಭಾನುವಾರ ಬೆಳಿಗ್ಗೆ ಸಹಕಾರನಗರದ ಪಾರ್ಕಿನಲ್ಲಿ ನನ್ನ ಮೊಮ್ಮಗಳು ತನ್ನ ಎಲೆಕ್ಟ್ರಾನಿಕ್ ಪೆಟ್ಟಿಗೆಯಲ್ಲಿ ಸಂಗೀತ ನುಡಿಸಿದಳು. ವಾಕಿಂಗಿಗೆ ಬಂದವರು ನಿಂತರು, ನಿಂತವರು ಕೂತರು, ಕೂತವರು ಕೊನೆಯವರೆಗೂ ಕೂತೇ ಇದ್ದರು. ಪೆಟ್ಟಿಗೆ ಇನ್ನು ಅಟ್ಟಕ್ಕೆ ಹೋಗುವುದಿಲ್ಲ. ಹಾಲಿನ ಬೂತಿನವನಿಗೆ ಹೇಳಿದೆ, ಬಾಗಿಲಿಗೆ ಬಂದ ಸೊಪ್ಪಿನವಳಿಗೂ ಹೇಳಿದೆ, ಆದರೂ ಹೇಳಿ ಮುಗಿಯುತ್ತಿಲ್ಲ. ಓದಿದ್ದು ನಾಲ್ಕನೇ ಕ್ಲಾಸು, ಬರೆಯುವುದು ನಿಧಾನ. ಇರಲಿ, ಸಂತೋಷವೂ ನಿಧಾನವಾಗಿಯೇ ಖರ್ಚಾಗಲಿ.

ಅಟ್ಟದ ಮಾತು ಯಾಕೆ ಬಂತೆಂದರೆ, ನನ್ನ ಮಗ, ಅಂದರೆ ಮೊಮ್ಮಗಳ ಅಪ್ಪ, ಯಶವಂತಪುರದ ಮಾರ್ಕೆಟ್ಟಿನಲ್ಲಿ ಈರುಳ್ಳಿ ಮಂಡಿ ಇಟ್ಟಿದ್ದಾನೆ. ಮಗಳು ಡಿಗ್ರಿ ಮುಗಿಸಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ರೂಮಿನಲ್ಲಿ ಆ ಪೆಟ್ಟಿಗೆಯ ಮುಂದೆ ಕೂತುಬಿಟ್ಟಿದ್ದಳು. ಒಂದು ದಿನ ಊಟದ ಹೊತ್ತಿನಲ್ಲಿ ಅವನು ಹೇಳಿಯೇಬಿಟ್ಟ.

"ನೀನ್ ಏನ್ ನುಡಿಸ್ತೀಯೋ ನಿನ್ ಕಿವಿಗೆ ಮಾತ್ರ ಗೊತ್ತು. ಒಂದ್ ಸಲ ಜನರ ಮುಂದೆ ನುಡ್ಸು. ಜನ ಕೂತ್ರೆ ನಾನ್ ಬಾಯಿ ಬಿಡಲ್ಲ. ಎದ್ದೋದ್ರೆ ಆ ಪೆಟ್ಟಿಗೆ ಅಟ್ಟಕ್ಕೆ, ನೀನು ಸೋಮವಾರದಿಂದ ಮಂಡಿಗೆ."

"ಮಂಡೀಲಿ ನಾನೇನ್ ಮಾಡ್ಲಿ ಅಪ್ಪಾ?"

"ಈರುಳ್ಳಿ ಮುಂದೆ ನುಡ್ಸು. ಅವು ಎದ್ದೋಗಲ್ಲ."

ಎಲ್ಲರೂ ನಕ್ಕೆವು, ಅವಳೊಬ್ಬಳು ನಗಲಿಲ್ಲ. "ಸರಿ" ಅಂದಳು. ಆ ಸರಿ ಅನ್ನುವುದು ನನಗೆ ಸರಿಬರಲಿಲ್ಲ. ಮಂಡಿ ಕೆಟ್ಟದ್ದೇನಲ್ಲ, ನಮ್ಮ ಮನೆಯ ಅನ್ನ ಅದು. ಆದರೆ ಈ ಹುಡುಗಿಯ ಬೆರಳು ಅನ್ನ ಕಲಸುವಾಗಲೂ ತಟ್ಟೆಯ ಅಂಚಿನಲ್ಲಿ ತಾಳ ಹಾಕುತ್ತಿರುತ್ತದೆ.

ಅದಾದ ಕೆಲವೇ ದಿನಕ್ಕೆ ಅವಳು ಫೋನು ಹಿಡಿದುಕೊಂಡು ಅಡಿಗೆಮನೆಗೆ ಬಂದಳು. "ಅಜ್ಜಿ, ಇಲ್ಕೇಳು. ವೀಣೆ ಇಲ್ಲ, ತಬಲ ಇಲ್ಲ, ಬರೀ ಮಿಷನ್ನಲ್ಲೇ ರಾಗ ನುಡಿಸಿರೋ ರೆಕಾರ್ಡು. ಬಂದಾಗ ಯಾರೂ ಕೇಳೋರೇ ಇರ್ಲಿಲ್ವಂತೆ. ಈಗ ನೋಡು, ನಮ್ ಥರ ಸಂಗೀತ ಮಾಡೋರೆಲ್ಲ ಇದನ್ನ ಗುರು ಅಂತಾರೆ. ನಾವ್ ಇವತ್ತು ಮಾಡೋದನ್ನ ಇವ್ರು ಅವತ್ತೇ ಮಾಡ್ಬಿಟ್ಟಿದ್ರು."

ಕೇಳಿದೆ. ಕೆಳಗೆ ದಪ್ಪ ಸದ್ದೊಂದು ಡುಬು ಡುಬು ಅಂತ ಹೋಗುತ್ತಿತ್ತು, ಮೇಲೆ ಎಳೆ ಸದ್ದೊಂದು ಬೆಳಗಿನ ರಾಗವನ್ನು ದಾರದ ಹಾಗೆ ಸುತ್ತುತ್ತಿತ್ತು. ನನ್ನ ಕೈಯಲ್ಲಿದ್ದ ಅವರೆಕಾಯಿ ಹಾಗೇ ನಿಂತಿತು.

"ಅಯ್ಯೋ, ಇದು ಮೈಕ್‌ಸೆಟ್ ಬಿಸಿ ಆಗೋ ಸದ್ದಲ್ವೇನೇ!"

ಅವಳು ನನ್ನನ್ನು ನೋಡಿದ ರೀತಿ ನೋಡಬೇಕಿತ್ತು.

ನಮ್ಮ ಯಜಮಾನರು ಯಲಹಂಕದಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದರು. ಆ ಕಡೆ ಚಿಕ್ಕಜಾಲ, ಈ ಕಡೆ ಕೊಡಿಗೇಹಳ್ಳಿ, ಮದುವೆ ಎಲ್ಲಾದರೂ ಹಾರನ್ ನಮ್ಮದೇ. ಮೆಜೆಸ್ಟಿಕ್ಕಿನ ಅಂಗಡಿಯವನು ಸಿನಿಮಾ ರೆಕಾರ್ಡುಗಳ ಜೊತೆ ಇದೊಂದನ್ನು ಸುಮ್ಮನೆ ಕೊಟ್ಟಿದ್ದನಂತೆ. ಹಾಡಿಲ್ಲದ ರೆಕಾರ್ಡು, ಮದುವೆಗೆ ಆಗುವಂಥದ್ದಲ್ಲ. ಆದರೆ ಯಜಮಾನರು ಅದಕ್ಕೊಂದು ಕೆಲಸ ಹುಡುಕಿದರು. ಮುಹೂರ್ತದ ದಿನ ಇನ್ನೂ ಕತ್ತಲಿರುವಾಗಲೇ ತೆಂಗಿನಮರಕ್ಕೆ ಹಾರನ್ ಕಟ್ಟಿ, ನನ್ನನ್ನು ರೆಕಾರ್ಡ್ ಪ್ಲೇಯರಿನ ಹತ್ತಿರ ಕೂರಿಸಿ, ತಾವು ಕೆರೆ ಏರಿಯ ಮೇಲೆ ದೂರಕ್ಕೆ ನಡೆದುಹೋಗುತ್ತಿದ್ದರು. ನಾನು ಮುಳ್ಳು ಇಡಬೇಕು. ದಪ್ಪ ಸದ್ದೂ ಎಳೆ ಸದ್ದೂ ಎರಡೂ ಏರಿಯವರೆಗೆ ಒಡೆಯದೆ ಬಂದರೆ ಹಾರನ್ ಸರಿಯಾಗಿ ಕಟ್ಟಿದೆ ಎಂದು ಅರ್ಥ. ಆಗ ಅವರು ಅಲ್ಲಿಂದ ಹೆಗಲ ಮೇಲಿನ ಬಿಳಿ ಟವಲ್ ಬೀಸುತ್ತಿದ್ದರು. ಬೀಸಿದ ಕೂಡಲೇ ನಾನು ಅದನ್ನು ತೆಗೆದು ದೇವರ ಹಾಡು ಹಾಕುತ್ತಿದ್ದೆ.

ಇದನ್ನೆಲ್ಲ ಅವರು ನನಗೆ ಬಿಡಿಸಿ ಹೇಳಿದವರಲ್ಲ. ಮುಳ್ಳು ಇಡು ಅಂದರು, ಇಟ್ಟೆ. ಮಿಷನ್ನಿನೊಳಗಿನ ಗಾಜಿನ ವಾಲ್ವುಗಳು ಕೆಂಪಗೆ ಕಾದು ಹೊಳೆಯುವುದಕ್ಕೂ ಈ ಸದ್ದು ಬರುವುದಕ್ಕೂ ಒಂದೇ ಹೊತ್ತಾದ್ದರಿಂದ, ಹಾಡಿಲ್ಲದ ಆ ರೆಕಾರ್ಡು ಖಾಲಿ, ಮಿಷನ್ನು ಬಿಸಿಯಾಗುವಾಗ ಮಾಡುವ ಸದ್ದೇ ಇದು ಎಂದು ತಿಳಿದಿದ್ದೆ. ನಾನೊಬ್ಬಳೇ ಅಲ್ಲ, ಸುತ್ತಲ ಊರುಗಳೆಲ್ಲ ಹಾಗೆಯೇ ತಿಳಿದಿದ್ದವು. ಡುಬು ಡುಬು ಕೇಳಿಸಿದರೆ ಮದುವೆ ಮನೆ ಎದ್ದಿದೆ ಎಂದು ಜನ ಒಲೆಗೆ ಬೆಂಕಿ ಹಾಕುತ್ತಿದ್ದರು. ಮದುವೆ ಮನೆಯ ಮಕ್ಕಳಂತೂ ಚಾಪೆಯಿಂದ ಎದ್ದು ಬಂದು ಕುಣಿಯುತ್ತಿದ್ದವು. ಕುಣಿಯುವಂಥದ್ದು ಏನೋ ಅದರಲ್ಲಿದೆ ಎಂದು ಮಕ್ಕಳಿಗೆ ಮಾತ್ರ ಗೊತ್ತಿತ್ತು ಅಂತ ಈಗ ಅನ್ನಿಸುತ್ತದೆ.

ಇದನ್ನೆಲ್ಲ ಹೇಳಿ, ಟ್ರಂಕಿನ ತಳದಿಂದ ರೆಕಾರ್ಡು ತೆಗೆದುಕೊಟ್ಟಾಗ ಮೊಮ್ಮಗಳು ಅದನ್ನು ಹಸುಗೂಸಿನ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಯಜಮಾನರ ಹಳೆಯ ಪ್ಲೇಯರನ್ನು ರಿಪೇರಿ ಮಾಡಿಸಿ ತಂದಳು. ಮುಳ್ಳು ನಾನೇ ಇಟ್ಟೆ, ಕೈಗೆ ಮರೆತಿರಲಿಲ್ಲ. ಟವಲ್ ಬೀಸುವವರು ಇಲ್ಲದ್ದರಿಂದ ಮೊಟ್ಟಮೊದಲ ಸಲ ಕೊನೆಯವರೆಗೂ ಕೇಳಿದೆ. ಎಂಥ ಸಂಗೀತ ಅದು! ಅವರಿಗಾದರೂ ಗೊತ್ತಿತ್ತೇ? ಗೊತ್ತಿರಬೇಕು. ಟವಲ್ ಬೀಸುವುದು ಕೆಲವು ದಿನ ಬಹಳ ತಡವಾಗುತ್ತಿತ್ತು.

ಪಾರ್ಕಿನಲ್ಲಿ ಭಾನುವಾರ ಬೆಳಿಗ್ಗೆ ವೀಣೆಯೋ ಕೊಳಲೋ ಇರುತ್ತದೆ. ಈ ವಾರ ಕೊಳಲಿನವರಿಗೆ ನೆಗಡಿ. ಮೊಮ್ಮಗಳು ಹೋಗಿ ಕೇಳಿದ್ದಕ್ಕೆ ಕಮಿಟಿಯ ಹಿರಿಯರು, "ಹೋಗ್ಲಿ ನೀನೇ ನುಡ್ಸಮ್ಮ, ಜೋರ್ ಮಾಡ್ಬೇಡ, ವಯಸ್ಸಾದೋರು ಬರ್ತಾರೆ" ಎಂದು ಬಿಟ್ಟುಕೊಟ್ಟರು. ಮಂಜು ಬಿದ್ದಿತ್ತು. ಮಗ ಸ್ವೆಟರ್ ಹಾಕಿಕೊಂಡು ಹಿಂದಿನ ಬೆಂಚಿನಲ್ಲಿ, ತೂಕ ನೋಡುವವನ ಮುಖ ಮಾಡಿಕೊಂಡು ಕೂತಿದ್ದ. ಮೊಮ್ಮಗಳು ಆ ಹಳೆಯ ದಪ್ಪ ಸದ್ದನ್ನು ಕೆಳಗಿಟ್ಟು ಅದರ ಮೇಲೆ ತನ್ನದೇ ರಾಗ ಶುರುಮಾಡಿದಳು.

ಎದ್ದುಹೋದವಳು ನಾನೊಬ್ಬಳೇ! ಕೂರಲಾಗಲಿಲ್ಲ. ಅವಳ ಮುಖ ಬಾಡಿದ್ದು ಕಂಡಿತು, "ಅಮ್ಮ, ನೀನೇ ಎದ್ದೋದ್ರೆ ಹೆಂಗೆ?" ಎಂದು ಮಗ ಪಿಸುಗುಟ್ಟಿದ್ದೂ ಕೇಳಿಸಿತು. ನಿಲ್ಲಲಿಲ್ಲ. ಮಂಡಿ ನೋವಿನಲ್ಲೇ ಪಾರ್ಕಿನ ಆ ಕೊನೆಯ ಗೇಟಿನವರೆಗೆ ನಡೆದೆ, ತಿರುಗಿ ನಿಂತು ಕೇಳಿದೆ. ದಪ್ಪ ಸದ್ದೂ ಬಂತು, ಎಳೆ ಸದ್ದೂ ಬಂತು. ಸೊಂಟದಲ್ಲಿ ಸಿಕ್ಕಿಸಿಕೊಂಡು ಬಂದಿದ್ದ ಬಿಳಿ ಟವಲ್ ಬೀಸಿದೆ. ಅಷ್ಟು ದೂರದಿಂದಲೂ ಅವಳ ಹಲ್ಲು ಕಾಣಿಸಿತು.

ಅಷ್ಟರಲ್ಲಿ ಗೇಟಿನ ಹತ್ತಿರ ಹೂವಿನ ಬುಟ್ಟಿ ಇಟ್ಟುಕೊಂಡಿದ್ದ ಕೊಡಿಗೇಹಳ್ಳಿಯ ಮುದುಕರೊಬ್ಬರು ಕಿವಿ ನಿಮಿರಿಸಿದರು. "ಇದೇನವ್ವ, ಯಾರ್ದು ಮದ್ವೆ? ಮೈಕ್‌ಸೆಟ್ ಬಿಸಿ ಆಯ್ತಾ ಐತೆ!" ಎನ್ನುತ್ತಾ ಒಳಗೆ ಬಂದು ಹುಲ್ಲಿನ ಮೇಲೆ ಕೂತರು. ವಾಕಿಂಗ್ ಮಾಡುತ್ತಿದ್ದ ಇಬ್ಬರು ಮೂವರು ವಯಸ್ಸಾದವರಿಗೂ ಅದೇ ನೆನಪು. "ಇರ್ರಿ, ಈಗ ಹಾಡು ಬರುತ್ತೆ" ಎಂದು ಅವರೂ ಕೂತರು. ಅವರನ್ನು ನೋಡಿ ಮಿಕ್ಕವರು ಕೂತರು. ಒಂದು ಮಗು ಎದ್ದು ಕುಣಿಯಿತು. ಹಾಡು ಬರುತ್ತದೆಂದು ಕಾದು ಕಾದು, ಎಲ್ಲರ ಕಾಲೂ ಹುಲ್ಲಿನಲ್ಲಿ ತಾಳ ಹಾಕುತ್ತಿತ್ತು.

ಮುಗಿದಾಗ ಹೂವಿನವರು ಕೇಳಿದರು: "ಮಗಾ, ಹಾಡು ಯಾವಾಗ?"

"ಇದೇ ಹಾಡು ತಾತ."

"ಇದಾ? ಅಂಗಾದ್ರೆ ಆವತ್ತಿಂದ್ಲೂ ಇದೇ ಹಾಡಾ?" ಎಂದವರು ಬುಟ್ಟಿಯಿಂದ ಒಂದು ಮೊಳ ಸೇವಂತಿಗೆ ತೆಗೆದು ಅವಳ ಪೆಟ್ಟಿಗೆಗೆ ಸುತ್ತಿಬಿಟ್ಟರು. ಕಮಿಟಿಯವರು ಇನ್ನೊಂದು ಭಾನುವಾರ ಬಾ ಅಂದರು.

ಮನೆಗೆ ಬರುವಾಗ ಕಾರಿನಲ್ಲಿ ಸೊಸೆ ಗಂಡನನ್ನು ಕೆಣಕಿದಳು. "ಏನ್ರೀ, ಮಿಷನ್ ಬಿಸಿ ಆಗ್ತಿದೆ ಅಂತ ಕೂತಿದ್ದು ಅವ್ರೆಲ್ಲ. ಲೆಕ್ಕಕ್ಕೆ ಬರುತ್ತಾ?"

ಮಗ ಗೇರ್ ಬದಲಾಯಿಸಿದ. "ಕೂತ್ರೆ ಅಂದಿದ್ದೆ. ಯಾಕೆ ಕೂತ್ರು ಅಂತ ಕೇಳ್ತೀನಿ ಅಂದಿರ್ಲಿಲ್ಲ" ಅಂದ. ಸ್ಟೀರಿಂಗಿನ ಮೇಲೆ ಅವನ ಬೆರಳು ಡುಬು ಡುಬು ಆಡುತ್ತಿತ್ತು. ತೊಟ್ಟಿಲಿನಲ್ಲಿದ್ದಾಗಿನಿಂದ ಅದೇ ಹಾರನ್ನಿನ ಕೆಳಗೆ ಮಲಗಿದವನಲ್ಲವೇ.

ಸಂಜೆ ಹಿತಕಿದ ಅವರೆಬೇಳೆ ಸಾರು ಮಾಡಿದೆ, ಮುದ್ದೆ ಕಟ್ಟಿದೆ. ಮನೆಮಂದಿಯೆಲ್ಲ ನಡುಮನೆಯಲ್ಲಿ ನೆಲದ ಮೇಲೆ ಸಾಲಾಗಿ ಕೂತೆವು. ರೆಕಾರ್ಡು ಹಾಕಲು ಹೇಳಿದವನು ಮಗನೇ, ಮುಳ್ಳು ಇಟ್ಟಿದ್ದು ಮೊಮ್ಮಗಳು. ಸಾರು ಸುರಿಯುವ ಸದ್ದು, ಇನ್ನೊಂದು ಮುದ್ದೆ ಹಾಕಮ್ಮಾ ಅನ್ನುವ ಸದ್ದು, ಅದರ ನಡುವೆ ಆ ಬೆಳಗಿನ ರಾಗ. ರೆಕಾರ್ಡು ಮುಗಿಯಿತು, ಮುಳ್ಳು ಬರಿದೇ ಚರ್ ಚರ್ ಎಂದು ಸುತ್ತತೊಡಗಿತು. ಎಲ್ಲರ ಕೈಯೂ ಎಂಜಲು. ಯಾರೂ ಏಳಲಿಲ್ಲ.