ಸೂಜಿ ಹಾಕದ ಭಾನುವಾರಗಳು

ನಮ್ಮ ಬೀದಿಯ ಮೆಕ್ಯಾನಿಕ್ಕಿಗೆ ಕಿವಿಯಣ್ಣ ಎಂದೇ ಹೆಸರು. ರಬ್ಬರ್ ಕೊಳವೆಯ ಒಂದು ತುದಿಯನ್ನು ಕಾರ್ಬ್ಯುರೇಟರಿನ ಬಾಯಿಗೆ, ಇನ್ನೊಂದನ್ನು ತನ್ನ ಕಿವಿಗೆ ಹಿಡಿದು, ಎಂಜಿನ್ ಗಾಳಿ ಎಳೆಯುವ ಸದ್ದಿನಿಂದಲೇ ರೋಗ ಹೇಳುತ್ತಿದ್ದ. ಶೆಡ್ಡಿನ ಹಿಂದಿನ ಕೋಣೆಯಲ್ಲಿ ಒಬ್ಬನೇ ಇದ್ದ. ಹಿಂದಿಲ್ಲ, ಮುಂದಿಲ್ಲ. ಅದರ ಮಹಡಿಯ ಬಾಡಿಗೆದಾರ ನಾನು. ನನಗೆ ಹಿಂದೆ ಮುಂದೆ ಎಲ್ಲರೂ ಇದ್ದಾರೆ. ಫೋನು ಮಾಡಿದರೆ "ಮದುವೆ ಯಾವಾಗ" ಎನ್ನುತ್ತಾರೆಂದು ಮಾಡುವುದಿಲ್ಲ, ಅಷ್ಟೆ. ಬಿಡಿಭಾಗಗಳ ಅಂಗಡಿಯಲ್ಲಿ ಕೆಲಸ. ದಿನವಿಡೀ ವಾಹನದ ಸಾಮಾನು ಮಾರಿ, ಸಂಜೆ ಬಸ್ಸಿನಲ್ಲಿ ನೇತಾಡಿಕೊಂಡು ಬರುವ ಆಸಾಮಿ.

ಭಾನುವಾರಗಳಲ್ಲಿ ನಿವೃತ್ತ ಹಲ್ಲಿನ ಡಾಕ್ಟರು ಬರುತ್ತಿದ್ದರು. ಅವರದು ಎರಡೇ ಸೀಟಿನ ಹಳೆಯ ಸ್ಪೋರ್ಟ್ಸ್ ಕಾರು. ಮೂಲ ಎಂಜಿನ್ ಸೀಳಿಹೋಗಿ, ಅದೇ ಕಂಪನಿಯ ದೊಡ್ಡ ಕಾರಿನ ಎಂಜಿನ್ ಕೂರಿಸಿದ್ದರು. ಗಾಳಿಗೆ ಪೆಟ್ರೋಲ್ ಬೆರೆಸಿ ಕೊಡುವ ಕಾರ್ಬ್ಯುರೇಟರ್ ಜೋಡಿ ಮಾತ್ರ ಸಣ್ಣ ಎಂಜಿನ್ನಿನ ಹಳೆಯದೇ. ಸಪಾಟು ರಸ್ತೆಯಲ್ಲಿ ಗಾಡಿ ಜಾಣ. ಏರು ಬಂತೆಂದರೆ ಕೆಮ್ಮು.

"ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಡಾಕ್ಟ್ರೇ," ಎನ್ನುತ್ತಿದ್ದ ಕಿವಿಯಣ್ಣ. "ಎಂಜಿನ್ ಗಾಳಿ ಜಾಸ್ತಿ ಎಳೀತದೆ, ಪೆಟ್ರೋಲ್ ಸಾಲಲ್ಲ."

"ಬಾನೆಟ್ ತೆಗಿ, ಬಾಯಿ ನೋಡೋಣ," ಎನ್ನುತ್ತಿದ್ದರು ಡಾಕ್ಟರು. "ಇದಕ್ಕಾದ್ರೆ ಅಗಲ ತೆಗಿ, ಇನ್ನೂ ಅಗಲ ಅಂತ ಗೋಗರೆಯೋ ಹಾಗಿಲ್ಲ."

ಆಮೇಲೆ ಸ್ಕ್ರೂ ಅಷ್ಟು ಬಿಗಿ, ಇಷ್ಟು ಸಡಿಲ. ಕೊಳವೆ ಈ ಬಾಯಿಂದ ಆ ಬಾಯಿಗೆ. ಎರಡೂ ಸದ್ದು ಒಂದೇ ಆಗುವ ಹೊತ್ತಿಗೆ ಬಿಸಿಲು ಇಳಿದಿರುತ್ತಿತ್ತು. ನಡುವೆ ಇಬ್ಬರೂ ಆಡುವ ಮಾತು, ನಗು ಕಿಟಕಿಯಲ್ಲಿ ಕೂತ ನನಗೆ ಪುಕ್ಕಟೆ ಮನರಂಜನೆ. ವಾರದ ಉಳಿದ ದಿನ ಕಿವಿಯಣ್ಣ ಹತ್ತು ಮಾತು ಆಡಿದರೆ ಹೆಚ್ಚು. ಅದರಲ್ಲಿ ಎಂಟು ನಟ್ಟುಗಳಿಗೆ ಬೈಗುಳ.

ಪೆಟ್ರೋಲ್ ಅಳೆದು ಬಿಡುವುದು ಕಾರ್ಬ್ಯುರೇಟರಿನ ಒಳಗಿನ ಒಂದು ಸಣ್ಣ ಸೂಜಿ. ತೆಳುವಾದ ಸೂಜಿ ಹಾಕಿದರೆ ಪೆಟ್ರೋಲ್ ಹೆಚ್ಚು ಹರಿಯುತ್ತದೆ. ಆ ತೆಳು ಸೂಜಿಗಳನ್ನು ಅಂಗಡಿಯಿಂದ ತರಿಸಿ ಕೊಟ್ಟವನು ನಾನೇ. ಅದೂ ಬಹಳ ಹಿಂದೆ. ಒಂದು ಸಂಜೆ ಸ್ಪ್ಯಾನರ್ ಕೇಳಲು ಹೋದರೆ ಪೊಟ್ಟಣ ಬಿಚ್ಚದೆ ಕಪಾಟಿನಲ್ಲೇ ಬಿದ್ದಿತ್ತು.

"ಅಣ್ಣಾ, ಇದನ್ನ ಹಾಕೇ ಇಲ್ವಾ?"

ಅವನು ಕೈ ಒರೆಸಿದ್ದನ್ನೇ ಒರೆಸಿದ. "ಹಾಕಿದ್ರೆ ಗಾಡಿ ಸರಿಹೋಗ್ತದಲ್ಲ ತಮ್ಮಾ."

"ಸರಿಹೋಗ್ಬೇಕು ತಾನೆ?"

"ಸರಿಹೋದ ಗಾಡಿ ತಗೊಂಡು ಇಲ್ಲಿಗ್ಯಾಕೆ ಬರ್ತಾರೆ?"

ನನ್ನ ಭಾನುವಾರವೂ ಅದೇ ಕೆಮ್ಮಿನ ಮೇಲೆ ನಡೆಯುತ್ತಿತ್ತು. ಸ್ಪ್ಯಾನರನ್ನೂ ಮರೆತು ಮೆಟ್ಟಿಲು ಹತ್ತಿದೆ.

ಮುಂದಿನ ಭಾನುವಾರ ಡಾಕ್ಟರು ಬಾನೆಟ್ ತೆಗೆಸಲೇ ಇಲ್ಲ. "ಸಾಕಯ್ಯಾ. ಮಗಳ ಊರಿಗೆ ಇದರಲ್ಲೇ ಹೋಗ್ಬೇಕು ಅಂತಿತ್ತು. ಘಾಟಿ ಹತ್ತಲ್ವಲ್ಲ. ಯಾರೋ ಕೇಳ್ತಿದ್ದಾರೆ, ಕೊಟ್ಬಿಡ್ತೀನಿ," ಎಂದು ಸ್ಟೀರಿಂಗ್ ಸವರಿದರು.

ಕಿವಿಯಣ್ಣ ಅವರ ಮುಖ ನೋಡಿದ. ಆಮೇಲೆ ಕಪಾಟಿನತ್ತ ನಡೆದ.

"ಕೂತ್ಕೊಳ್ಳಿ ಡಾಕ್ಟ್ರೇ. ಒಂದು ಸಾಮಾನು ಬಂದಿದೆ."

ಹಳೆಯ ಸೂಜಿಗಳನ್ನು ಬಿಚ್ಚಿ ಹೊಸವನ್ನು ಕೂರಿಸಿದ. ಎರಡು ಬಾಯಿಗಳಿಗೂ ಕಿವಿ ಕೊಟ್ಟ. ಬೀದಿಯ ತುದಿಯ ಏರಿನಲ್ಲಿ ಕಾರು ಒಮ್ಮೆಯೂ ಕೆಮ್ಮದೆ ಹತ್ತಿತು. ಡಾಕ್ಟರು ಇಳಿದು ಬಂದು ಅವನ ಎಣ್ಣೆ ಕೈಯನ್ನೇ ಹಿಡಿದುಕೊಂಡರು. "ಕಿವಿಯಣ್ಣಾ, ಗೆದ್ದುಬಿಟ್ವಲ್ಲೋ!"

"ಹೂಂ," ಎಂದ ಕಿವಿಯಣ್ಣ. "ಇನ್ನು ಬರೋ ಕೆಲಸ ಇಲ್ಲ ನಿಮಗೆ."

ಅವರು ಬರಲೂ ಇಲ್ಲ. ಮರುವಾರ ಕಿಟಕಿಯ ಕೆಳಗೆ ಸದ್ದೇ ಇರಲಿಲ್ಲ. ಜಾಗ ತುಂಬಲು ನಾನಿದ್ದೇನಲ್ಲ ಎಂಬ ಮಹಾ ಔದಾರ್ಯದಿಂದ ಕೆಳಗಿಳಿದೆ.

"ಏನ್ ಬೇಕಿತ್ತು?" ಎಂದ, ತಲೆಯೆತ್ತದೆ.

"ಸುಮ್ನೆ ಬಂದೆ."

"ಸುಮ್ನೆ ಯಾರೂ ಬರಲ್ಲ ತಮ್ಮಾ. ಏನು ಕೆಟ್ಟಿದೆ ಹೇಳು."

ಯೋಚಿಸಿದೆ. ನನ್ನಲ್ಲಿ ಕೆಟ್ಟಿರುವ ಯಾವುದಕ್ಕೂ ಸ್ಕ್ರೂ ಇರಲಿಲ್ಲ. "ಫ್ಯಾನು," ಎಂದೆ. "ಸದ್ದು ಮಾಡ್ತಿದೆ."

"ತಗೊಂಡ್ ಬಾ."

ಮೇಲೆ ಬಂದು ಮಂಚ ಹತ್ತಿದೆ. ಫ್ಯಾನು ಉಸಿರೆತ್ತದೆ ತಿರುಗುತ್ತಿತ್ತು. ಸ್ವಿಚ್ ಆರಿಸಿ ಬಿಚ್ಚತೊಡಗಿದೆ.