ಮುನಿಯಮ್ಮನವರ ಟ್ರಂಕಿನಲ್ಲಿದ್ದ ಪಂಚಾಯ್ತಿ

ಬೂದಿಕೋಟೆ ಹತ್ತಿರದ ಆ ಚಿಕ್ಕ ಪಂಚಾಯ್ತಿಯನ್ನು ಪಕ್ಕದ್ದಕ್ಕೆ ಸೇರಿಸಿ ಎಷ್ಟೋ ವರ್ಷಗಳಾಗಿದ್ದವು. ಅದರ ಚರಿತ್ರೆ ಬರೆಯಲು ಹೊರಟ ನನಗೆ ಮೂರು ದಿನ ಅಲೆದರೂ ಒಂದು ಕಾಗದವೂ ಸಿಕ್ಕಿರಲಿಲ್ಲ. ಕೊನೆಗೆ ಹಾಲಿನ ಡೇರಿಯ ಮುಂದೆ ಹಳೆಯ ಸಭೆಗಳ ನಡಾವಳಿ ಪುಸ್ತಕದ ಬಗ್ಗೆ ವಿಚಾರಿಸುತ್ತಿದ್ದಾಗ, ಹಾಲು ಹಾಕಲು ಬಂದಿದ್ದ ಮುನಿಯಮ್ಮ, "ಸಭೆ ಪುಸ್ತಕಾನಾ? ಆಫೀಸು ಮುಚ್ಚಿದಾಗ ಎಸೀತಿದ್ರು, ನಾನೇ ಎತ್ಕೊಂಡ್ ಬಂದೆ. ಬಾ" ಎಂದರು.

ಅವರ ಮನೆಯ ಟ್ರಂಕಿನಿಂದ ಅದು ಹೊರಬಂದದ್ದೇ ಪುಟ ತಿರುವತೊಡಗಿದೆ. ಕೆರೆ ದುರಸ್ತಿ, ಮೊದಲ ಬೀದಿದೀಪ, ಎಲ್ಲವೂ ಇತ್ತು! ಪ್ರತಿ ಪುಟದಲ್ಲೂ ಸಹಿಗಳ ನಡುವೆ ಒಂದು ಹೆಬ್ಬೆಟ್ಟಿನ ಗುರುತು.

"ಇದ್ಯಾರದಮ್ಮ?"

"ನಂದೇ ಕಣಪ್ಪ. ನಾನೂ ಮೆಂಬರ್ರು. ನೀನು ಬರೀ ಗಂಡಸ್ರನ್ನೇ ಕೇಳ್ಕೊಂಡ್ ಓಡಾಡ್ದೆ."

ಅವರು ಪುಸ್ತಕವನ್ನು ಮನೆಯಿಂದಾಚೆ ಒಯ್ಯಲು ಕೊಡಲಿಲ್ಲ. ಅಲ್ಲೇ ಕೂತು ಗಟ್ಟಿಯಾಗಿ ಓದುತ್ತಾ ಬರೆದುಕೊಂಡೆ. ನಾನು ಎರಡು ಸಾಲು ಹಾರಿಸಿದ್ದನ್ನು ಓದು ಬಾರದ ಮುನಿಯಮ್ಮ ತಕ್ಷಣ ಹಿಡಿದರು.