ತವರಿನ ನಾಯಿ, ಅತ್ತೆಯ ಹಗೇವು

ನಮ್ಮ ಕಡೆ ಹೊಸ ಸೊಸೆ ಬಂದಳೆಂದರೆ ಮೊದಲು ನೋಡುವುದು ಅವಳ ಹಿಂದೆ ತವರಿನಿಂದ ಏನು ಬಂತು ಅಂತ. ನನ್ನ ಹಿಂದೆ ಒಂದು ಗಿಡ್ಡ ಕಾಲಿನ ನಾಯಿ ಬಂತು. ಗಂಡನ ಊರು ಯಂಕಂಚಿಯ ನಮ್ಮ ಓಣಿಯ ಹೆಂಗಸರಿಗೆ ನಗಲು ಬಹಳ ದಿನ ಬೇರೇನೂ ಬೇಕಾಗಲಿಲ್ಲ. “ಎಲ್ಲಾರ ಮನಿಗಿ ಎಮ್ಮಿ ಬರ್ತಾವ, ಇವರ ಮನಿಗಿ ನಾಯಿ ಬಂದೈತಿ ನೋಡವ್ವ!”

ಎಪ್ಪತ್ತರ ದಶಕ ಅರ್ಧ ಕಳೆದಿತ್ತು. ಅಪ್ಪ ಇಂಡಿ ರೋಡ್ ಸ್ಟೇಷನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್. ಸೊಲ್ಲಾಪುರದ ಕಡೆಯಿಂದ ಗಾಡಿ ತರುತ್ತಿದ್ದ ಗಾರ್ಡ್ ಒಬ್ಬರು ತಮ್ಮ ನಾಯಿ ಮರಿ ಹಾಕಿದಾಗ ಒಂದನ್ನು ಅಪ್ಪನಿಗೆ ಕೊಟ್ಟಿದ್ದರು. ಅದು ಟೆರಿಯರ್ ಜಾತಿ, ಇಲಿ ಹಿಡಿಯಲಿಕ್ಕೇ ಹುಟ್ಟಿದ್ದು ಎಂದು ಹೇಳಿದ್ದರು. ನಮ್ಮ ಕ್ವಾರ್ಟರ್ಸಿನಲ್ಲಿ ಅದು ಹಿಡಿದದ್ದು ನನ್ನ ಲಂಗದ ಅಂಚನ್ನು ಮಾತ್ರ. ಮದುವೆಯಾಗಿ ಹೊರಟಾಗ ಅದನ್ನು ಬಿಟ್ಟು ಹೋಗಲು ನಾನು ಒಪ್ಪಲಿಲ್ಲ. ಅಪ್ಪ ತಮ್ಮ ಹಳೆಯ ಬೆಲ್ಟು ಕತ್ತರಿಸಿ ಅದರ ಕೊರಳಿಗೆ ಕಟ್ಟಿ ನನ್ನ ಕೈಗೆ ಕೊಟ್ಟರು.

ಅತ್ತೆ ಅದನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಕೆಳಗಿನವರೆಗೆ ಬಹಳ ದೂರವೇನೂ ಇರಲಿಲ್ಲ.

“ಇದೇನ್ ಮಾಡತೈತಿ?”

“ಇಲಿ ಹಿಡೀತೈತ್ರಿ, ಅತ್ತಿ,” ಎಂದು ಧೈರ್ಯವಾಗಿ ಸುಳ್ಳು ಹೇಳಿದೆ.

“ನಾಗರ ಪಂಚಮಿತನಾ ನೋಡೂಣು. ಹಿಡೀಲಿಲ್ಲಂದ್ರ, ನಿನ್ನ ಕರಿಯಾಕ ಬರೂ ನಿಮ್ಮಣ್ಣನ ಸಂಗಟ ವಾಪಸ್ ಕಳಸೂದು. ದುಡೀಲಾರದ್ದಕ್ಕ ಈ ಮನ್ಯಾಗ ರೊಟ್ಟಿ ಇಲ್ಲ.”

ಆ ಮನೆಯಲ್ಲಿ ಇನ್ನೂ ಯಾರೂ ನನ್ನವರು ಅನ್ನಿಸಿರಲಿಲ್ಲ. ಗಂಡ ಒಳ್ಳೆಯವರೇ, ಆದರೆ ಹಗಲೆಲ್ಲ ಹೊಲದಲ್ಲಿ. ನನ್ನ ಸಪ್ಪಳಕ್ಕೆ ಬಾಲ ಆಡಿಸುವ ಜೀವ ಅದೊಂದೇ ಇತ್ತು. ಏನಾದರಾಗಲಿ, ಅದನ್ನು ಪಂಚಮಿಗೆ ಕಳಿಸಬಾರದು ಎಂದು ಹಟ ಹಿಡಿದೆ.

ಕಾರಹುಣ್ಣಿಮೆಯ ಹೊತ್ತಿಗೆ ಹಿತ್ತಲಿನ ಬಣವೆ ತಳಕ್ಕೆ ಬಂದಿತ್ತು. ಎತ್ತುಗಳಿಗೆ ಹಾಕುವ ಜೋಳದ ದಂಟಿನ ಆ ರಾಶಿಯ ತಳದಲ್ಲೇ ಇಲಿಗಳ ಸಂಸಾರ. ಹೊಟ್ಟೆ ತುಂಬಿದ ನಾಯಿ ಬೇಟೆ ಆಡುವುದಿಲ್ಲ, ಉಪವಾಸ ಇಡು ಎಂದು ಗಂಡ ಹೇಳಿದರು. ಇಟ್ಟೆ. ಅದು ಮೊದಲು ಹೊರಬಂದ ಇಲಿಯನ್ನು ಹಿಡಿದು, ಬಾಲ ಸಮೇತ ತಿಂದು, ನೆರಳಿಗೆ ಹೋಗಿ ಮಲಗಿತು. ಆಮೇಲೆ ಹೊರಬಿದ್ದ ಇಲಿಗಳು ಅದರ ಮುಂದೆಯೇ ಪಕ್ಕದ ಮನೆಯ ಬಣವೆಗೆ ಹೋದವು. ಮರುದಿನ ಹೊಟ್ಟೆ ತುಂಬ ರೊಟ್ಟಿ ಮಜ್ಜಿಗೆ ಹಾಕಿ ಕರೆತಂದೆ. ಈ ಸಲ ತಪ್ಪು ನನ್ನದು. ಡಬ್ಬಿ ಬಡಿದು “ಹಿಡಿ, ಹಿಡಿ” ಎಂದು ನಾನು ಕುಣಿಯುತ್ತಿದ್ದರೆ ನಾಯಿ ಬಿಲ ಬಿಟ್ಟು ನನ್ನನ್ನೇ ನೋಡುತ್ತ ನಿಂತಿತು.

ಅತ್ತೆ ಹಿತ್ತಲ ಬಾಗಿಲಲ್ಲಿ ಆಚೆ ಮುಖ ಮಾಡಿ ಕೂತಿದ್ದರು. ಜೀವ ಹೋಗುವುದನ್ನು ಅವರು ನೋಡುತ್ತಿರಲಿಲ್ಲ. ಅಲ್ಲಿಂದಲೇ ಗದರಿದರು: “ಏ ಹುಡುಗಿ, ನೀ ಬಾಯಿ ಮುಚ್ಚಿ ನಿಂದರು. ಒಂದ ಕಡಿಂದ ದಂಟ ತಗಿ, ಉಳದ ಕಡಿ ತುಳದ ಬಂದ್ ಮಾಡು. ಹೊರಗ ಬರಾಕ ಒಂದ ದಾರಿ ಇರಲಿ. ಆ ದಾರ್ಯಾಗ ನಾಯಿ ಇರಲಿ.”

ಹಾಗೆ ಮಾಡಿದ ದಿನವೇ ನನ್ನ ನಾಯಿಗೆ ತನ್ನ ಜಾತಿ ನೆನಪಾಯಿತು. ಹಿಡಿಯುವುದು, ಒಮ್ಮೆ ಝಾಡಿಸುವುದು, ಬಿಸಾಕಿ ಮುಂದಿನದಕ್ಕೆ ತಯಾರಾಗುವುದು. ಅಂದಿನಿಂದ ಬೇಟೆಯಾದಾಗಲೆಲ್ಲ ನಾನು ಸತ್ತ ಇಲಿಗಳನ್ನು ಮೊರದಲ್ಲಿ ತುಂಬಿ ತಿಪ್ಪೆಗೆ ಹಾಕಿ ಬರುತ್ತಿದ್ದೆ. ಆ ಕೈಯಲ್ಲಿ ಒಲೆ ಮುಟ್ಟುವಂತಿಲ್ಲ, ತಲೆ ಮೇಲೆ ನೀರು ಹಾಕಿಕೊಂಡೇ ಒಳಗೆ ಬರಬೇಕು. ಅಷ್ಟರಲ್ಲಿ ಅತ್ತೆಯೇ ರೊಟ್ಟಿ ಬಡಿದು ಮುಗಿಸಿರುತ್ತಿದ್ದರು. ಇಲಿ ಬೇಟೆಯ ಮೇಲೆ ನನಗೆ ಅಷ್ಟು ಪ್ರೀತಿ ಹುಟ್ಟಲು ಇದೂ ಒಂದು ಕಾರಣ ಎಂದು ಓಣಿಯವರು ಆಡಿಕೊಂಡರು. ಪೂರ್ತಿ ಸುಳ್ಳಲ್ಲ.

ಪಂಚಮಿ ಹತ್ತಿರ ಬಂತು. ಹಬ್ಬಕ್ಕೆ ಜೋಳ ಬೇಕೆಂದು ಹಗೇವು ತೆಗೆದರು. ಕಾಳು ಕೆಡದಂತೆ ಅಂಗಳದಲ್ಲಿ ತೋಡಿದ ಆಳದ ಗುಂಡಿಯೇ ಹಗೇವು. ಒಳಗೆ ಹುಲ್ಲು ಹೊದಿಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿರುತ್ತಾರೆ. ಬೇಸಿಗೆಯಲ್ಲಿ ಅರ್ಧ ಜೋಳ ತೆಗೆದು ಮತ್ತೆ ಮುಚ್ಚಿದ್ದರು. ಬಾಯಿಯ ಹುಲ್ಲಿನಲ್ಲಿ ಇಲಿಗಳು ಇದ್ದೇ ಇರುತ್ತವೆ ಎಂದು ನಾನು ಠೀವಿಯಿಂದ ನಾಯಿಯನ್ನು ತಂದು ನಿಲ್ಲಿಸಿದೆ. ಗಂಡ ಕಲ್ಲು ಸರಿಸಿದರು. ಹುಲ್ಲಿನಿಂದ ಒಂದು ಇಲಿ ಹಾರಿತು, ಹೊರಕ್ಕಲ್ಲ, ಒಳಕ್ಕೆ. ಅದರ ಹಿಂದೆಯೇ ನಾಯಿ ಹಾರಿತು.

ಕೆಳಗೆ ಜೋಳದ ಮೇಲೆ ಎರಡು ಸುತ್ತು ತಿರುಗಿ ನಾಯಿ ಅಡ್ಡ ಬಿತ್ತು. ನಾನು ಸೀರೆ ಕಚ್ಚೆ ಕಟ್ಟಿ ಇಳಿಯಲು ಹೋದೆ. ಹಿಂದಿನಿಂದ ಯಾರೋ ಜಡೆ ಹಿಡಿದು ಜಗ್ಗಿದರು. ಅತ್ತೆ.

“ಬಿಡ್ರಿ! ಅದು ಸಾಯಲಿ ಅಂತನ ನಿಮ್ಮ ಮನಸಿನ್ಯಾಗ ಇತ್ತು!” ಎಂದು ಓಣಿಗೆಲ್ಲ ಕೇಳುವಂತೆ ಚೀರಿದೆ. ಅವರು ಬಿಡಲಿಲ್ಲ. ಜಡೆಯನ್ನು ಮುಂಗೈಗೆ ಸುತ್ತಿಕೊಂಡು ನೆಲಕ್ಕೆ ಕೂತುಬಿಟ್ಟರು, ನನ್ನನ್ನೂ ಕೂಡಿಸಿಕೊಂಡು. ಕೂತಲ್ಲಿಂದಲೇ ಮಗನಿಗೆ ಕೂಗಿದರು: “ಪಾತಾಳಗರಡಿ ತಾ!” ಬಾವಿಗೆ ಬಿದ್ದ ಕೊಡ ಎತ್ತುವ ಆ ಕೊಂಡಿಗಳ ಗೊಂಚಲನ್ನು ಗಂಡ ಹಗ್ಗ ಕಟ್ಟಿ ಬಿಟ್ಟರು. ಮೊದಲು ಜೋಳ ಕೆದರಿತು, ಆಮೇಲೆ ಅಪ್ಪನ ಬೆಲ್ಟು ಸಿಕ್ಕಿತು. ಮೇಲೆ ಬಂದ ನಾಯಿ ಒದ್ದೆ ಚೀಲದಂತೆ ಬಿದ್ದುಕೊಂಡಿತು. ನೀರು ಚಿಮುಕಿಸಿ ಗಾಳಿ ಹಾಕಿದೆವು. ಬಹಳ ಹೊತ್ತಿನ ಮೇಲೆ ಸೀನಿತು.

ಆಗ ಅತ್ತೆ ಒಂದು ಚಿಮಣಿ ದೀಪ ಹಚ್ಚಿ, ಹಗ್ಗಕ್ಕೆ ಕಟ್ಟಿ, ಹಗೇವಿನೊಳಗೆ ಇಳಿಬಿಟ್ಟರು. ಅರ್ಧಕ್ಕೆ ಹೋಗುವುದರೊಳಗೆ ದೀಪ ಆರಿತು.

“ನೋಡಿದ್ಯಾ? ಒಳಗ ಗಾಳಿ ಕೆಟ್ಟಿರತೈತಿ. ದೀಪ ಆರಿದಲ್ಲಿ ಮನಷ್ಯಾ ಉಳಿಯೂದಿಲ್ಲ. ನಾಯಿ ಇನ್ನೊಂದ ಸಿಕ್ಕೀತು. ನಿನ್ನ ಎಲ್ಲಿಂದ ತರ್ಲಿ?”

ಅಂದ ಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, ಏನೂ ಆಗದವರಂತೆ ಎದ್ದು ಒಳಗೆ ಹೋದರು. ಸ್ಟೇಷನ್ನಿನಲ್ಲಿ ಬೆಳೆದ ನನಗೆ ಹಗೇವಿನ ಗಾಳಿಯೂ ಗೊತ್ತಿರಲಿಲ್ಲ, ಆ ಹೆಂಗಸೂ ಗೊತ್ತಿರಲಿಲ್ಲ. ಇವತ್ತಿಗೂ ತಲೆ ಬಾಚಿಕೊಳ್ಳುವಾಗ ಒಮ್ಮೊಮ್ಮೆ ಕೈ ನಿಲ್ಲುತ್ತದೆ. ಈ ಜೀವ ಅವರು ಕೊಟ್ಟದ್ದು.

ಪಂಚಮಿಗೆ ಅಣ್ಣ ಕರೆಯಲು ಬಂದ. ನಾನು ನಾಯಿಯ ಹಗ್ಗ ಹಿಡಿದು ಬಾಗಿಲಿಗೆ ಬಂದರೆ ಅತ್ತೆ ಅದನ್ನು ಕೈಯಿಂದ ಕಸಿದುಕೊಂಡರು.

“ಇದ ಇಲ್ಲೇ ಇರಲಿ. ಇದನ್ನೂ ಒಯ್ದಿ ಅಂದ್ರ ನೀ ಲಗೂನ ತಿರಗಿ ಬರೂದಿಲ್ಲ.”

ತವರಿನಲ್ಲಿ ಜೋಕಾಲಿ ಕಟ್ಟಿದ್ದರು, ಉಂಡಿ ಕಟ್ಟಿದ್ದರು. ನಾನು ಜೋಕಾಲಿ ಹತ್ತದೆ ಕೂತದ್ದು ಕಂಡು ಅವ್ವ ಕೇಳಿದಳು, “ನಾಯಿ ನೆನಪಾತೇನ?”

ಹೂಂ ಅಂದೆ. ಅತ್ತೆ ನೆನಪಾಗಿದ್ದಾರೆ ಎಂದರೆ ಯಾವ ಅವ್ವ ನಂಬುತ್ತಾಳೆ?